ಮೂವತ್ತು ಸೆಕೆಂಡ್ ಎಂದು ಬರೆದವರು

ಸತ್ತಿದೆ ಎಂದು ಹೇಳಿಬಿಡುವುದಕ್ಕೆ ಕಂಪ್ಯೂಟರಿಗೆ ಮೂವತ್ತು ಸೆಕೆಂಡ್ ಸಾಕು. ಡಿಸ್ಕಿಗೆ ಒಂದು ಪ್ರಶ್ನೆ ಕೇಳುತ್ತದೆ, ಮೂವತ್ತರವರೆಗೆ ಎಣಿಸುತ್ತದೆ, ಉತ್ತರ ಬರಲಿಲ್ಲವೋ ತಲೆಗೊಂದು ಮೊಟಕಿ ಮತ್ತೆ ಕೇಳುತ್ತದೆ. ಆಮೇಲೆ ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಗೀಚಿ ಕೈತೊಳೆದುಕೊಳ್ಳುತ್ತದೆ: ಸಾಧನ ಉತ್ತರಿಸುತ್ತಿಲ್ಲ.

ಶನಿವಾರ ಮಧ್ಯಾಹ್ನ ಭೀಮೇಶ್ ಆ ಸಾಲನ್ನು ಆರನೇ ಸಲ ಓದಿದ.

ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ, ಕಾಂಡಿಮೆಂಟ್ಸ್ ಅಂಗಡಿಯೊಂದರ ಮೇಲಿನ ಒಂದೇ ಕೋಣೆ ಅದು. ಕೆಟ್ಟುಹೋದ ಹಾರ್ಡ್‌ಡಿಸ್ಕ್‌ಗಳಿಂದ ಜನರ ಫೋಟೊ, ಫೈಲು ಎತ್ತಿಕೊಡುವುದು ಅಲ್ಲಿನ ಕೆಲಸ. ಮಾಲೀಕ ತಿರುಮಲೇಶ, ಅವನ ಕೈಕೆಳಗೆ ಏಳು ವರ್ಷದಿಂದ ಭೀಮೇಶ್. ಕೆಳಗೆ ಚಕ್ಕುಲಿ ಕರಿದ ವಾಸನೆ ಬೆಳಗ್ಗೆಯಿಂದ ಸಂಜೆಯವರೆಗೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಯಾರದೋ ಮದುವೆಯ ವಿಡಿಯೊಗೂ, ಯಾರೋ ಡಾಕ್ಟರಮ್ಮನ ಸಂಶೋಧನೆಗೂ ಅಲ್ಲಿ ಅದೇ ವಾಸನೆ.

ಆದರೆ ಈ ಡಿಸ್ಕು ಯಾವ ಗಿರಾಕಿಯದ್ದೂ ಅಲ್ಲ.

ಎರಡು ತಿಂಗಳ ಹಿಂದೆ ಭೀಮೇಶನ ಅಣ್ಣ ದೇವದಾಸ್ ಜೆ.ಪಿ. ನಗರದ ಏಳನೇ ಹಂತದ ಅಪಾರ್ಟ್‌ಮೆಂಟೊಂದರ ಕೊಳಚೆ ಗುಂಡಿಯೊಳಗೆ ಸತ್ತುಹೋದ. ಇನ್ನೂರ ನಲವತ್ತು ಮನೆಗಳ ಹೇಲು ಸೋಸುವ ಗುಂಡಿ. ಅಸೋಸಿಯೇಷನ್ನಿನವರು ಮೂರು ಮಾತು ಹೇಳಿದರು. ಒಂದು, ಅವನನ್ನು ಯಾರೂ ಇಳಿಯಲು ಹೇಳಿರಲಿಲ್ಲ, ತಾನಾಗಿ ಇಳಿದ. ಎರಡು, ಇಳಿದ ಕ್ಷಣವೇ ಸತ್ತ, ಯಾರೇನು ಮಾಡಲೂ ಸಮಯವಿರಲಿಲ್ಲ. ಮೂರು, ಆವತ್ತು ಕ್ಯಾಮೆರಾ ಕೆಟ್ಟಿತ್ತು. ಸೋಮವಾರ ಹನ್ನೊಂದಕ್ಕೆ ಕಾರ್ಮಿಕ ಅಧಿಕಾರಿಯ ಮುಂದೆ ಕೊನೆಯ ವಿಚಾರಣೆ. ಆ ಮೂರು ಮಾತುಗಳಲ್ಲಿ ಒಂದಾದರೂ ಸುಳ್ಳೆಂದು ತೋರಿಸದಿದ್ದರೆ ಫೈಲಿಗೆ ದಾರ ಕಟ್ಟಿ ಕಪಾಟಿಗೆ ಎಸೆಯುತ್ತಾರೆ.

ಆ ಡಿಸ್ಕನ್ನು ತಂದುಕೊಟ್ಟವನು ಅದೇ ಅಪಾರ್ಟ್‌ಮೆಂಟಿನ ಗೇಟು ಕಾಯುವ ಚನ್ನವೀರ. ಬಾಗಲಕೋಟೆ ಕಡೆಯವನು, ಬಿಟಿಎಂನಲ್ಲಿ ಆರು ಜನರ ಜೊತೆ ಒಂದು ರೂಮಿನಲ್ಲಿರುತ್ತಾನೆ. ಬನಶಂಕರಿ ಬಸ್ ನಿಲ್ದಾಣದಲ್ಲಿ, ರೊಟ್ಟಿ ಕಟ್ಟುವ ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟಿದ್ದ.

"ತಮ್ಮಾ, ಕ್ಯಾಮೆರಾದ ಡಬ್ಬಿ ಬಿಚ್ಚಿ ಹೊಸಾದು ಹಾಕಿದ್ರು. ಇದನ್ನ ಕಸಕ್ಕ ಒಗಿ ಅಂದ್ರು, ನಾ ಒಗೀಲಿಲ್ಲ. ನಾ ಕೊಟ್ಟೆ ಅಂತ ಎಲ್ಲೂ ಬಾಯಿ ಬಿಡಬ್ಯಾಡ, ನನ್ನ ಡ್ಯೂಟಿ ಹೊಕ್ಕೈತಿ."

"ಆವತ್ತು ನೀನು ನೋಡಿದ್ಯಾ ಅಣ್ಣ?"

"ನಾ ಗೇಟಿನ್ಯಾಗ ಇದ್ದೆ. ಏನೂ ನೋಡಿಲ್ಲ." ಬಸ್ಸಿನ ಕಡೆ ಹೊರಟವನು ತಿರುಗಿ ನಿಂತು ಹೇಳಿದ, "ಆದ್ರ ಆ ಗುಂಡಿ ಕಡೆ ಈಗ ನಾ ರೌಂಡ್ ಹೋಗೂದಿಲ್ಲ. ಯಾಕ ಅಂತ ಕೇಳಬ್ಯಾಡ."

*

ಡಿಸ್ಕಿನ ಜೊತೆ ಮಾತಾಡುವುದೆಂದರೆ ಸರ್ಕಾರಿ ಕಚೇರಿಯ ಕಿಟಕಿಯಲ್ಲಿ ಮಾತಾಡಿದ ಹಾಗೆ. ಬಾಯಿಗೆ ಬಂದದ್ದು ಕೇಳುವಂತಿಲ್ಲ, ಫಾರಂ ತುಂಬಬೇಕು. ಹತ್ತು ಮನೆಗಳ ಫಾರಂ. ಮೊದಲ ಮನೆಯಲ್ಲಿ ಏನು ಬೇಕೆಂಬುದರ ಸಂಖ್ಯೆ, ನಡುವಿನ ನಾಲ್ಕು ಮನೆಗಳಲ್ಲಿ ಎಲ್ಲಿಂದ ಬೇಕು, ಎರಡು ಮನೆಗಳಲ್ಲಿ ಎಷ್ಟು ಬೇಕು. ಒಂದು ಮನೆಯನ್ನು ಖಾಲಿಯೇ ಬಿಡಬೇಕು. ಅದನ್ನು ಯಾರಿಗೋ ಕಾಯ್ದಿರಿಸಿದ್ದಾರೆ, ಯಾರಿಗೆ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಈ ಫಾರಮ್ಮಿನ ನಮೂನೆಗೆ ಸ್ಟ್ರಕ್ಚರ್ ಎನ್ನುತ್ತಾರೆ. ಒಂದೊಂದು ಆಜ್ಞೆಗೂ ಒಂದೊಂದು ಉತ್ತರಕ್ಕೂ ಗೊತ್ತುಮಾಡಿದ ಸಂಖ್ಯೆ ಇರುತ್ತದೆ, ಅದಕ್ಕೆ ಕಾನ್‌ಸ್ಟಂಟ್ ಎನ್ನುತ್ತಾರೆ. ಎಂದೂ ಬದಲಾಗದ್ದು ಎಂದರ್ಥ. ಇವೆಲ್ಲವನ್ನೂ ಒಂದು ಫೈಲಿನಲ್ಲಿ ಬರೆದು ಕರ್ನಲ್‌ಗೆ ಕೊಡಬೇಕು. ಕರ್ನಲ್ ಎಂದರೆ ಕಂಪ್ಯೂಟರಿನ ತಳದಲ್ಲಿ ಕೂತು ಎಲ್ಲ ಸಾಧನಗಳನ್ನೂ ಮಾತಾಡಿಸುವ ಯಜಮಾನ. ಆ ಫೈಲಿನಲ್ಲಿ ಹೆಸರಿಲ್ಲದ ಸಂಖ್ಯೆ ಯಜಮಾನನ ಲೋಕದಲ್ಲೇ ಇಲ್ಲ.

ಭೀಮೇಶ್ ಈ ಫೈಲನ್ನು ತಾನೇ ಬರೆದುಕೊಂಡಿದ್ದ. ಊರಿಗೆಲ್ಲ ಒಂದು ಫೈಲಿದ್ದರೆ ಸಾಯುತ್ತಿರುವ ಡಿಸ್ಕುಗಳಿಗೆ ಅವನದೇ ಬೇರೊಂದು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಕರ್ನಲ್‌ಗೆ ಫೈಲು ಬರೆಯುತ್ತಾನೆ ಎಂದರೆ ಬರುವ ಇಂಜಿನಿಯರುಗಳು ಹುಬ್ಬೇರಿಸುತ್ತಿದ್ದರು. ಏರಿಸಲಿ. ಅವನು ಸ್ಕೂಲು ಬಿಟ್ಟದ್ದು ತಲೆಗೆ ಹತ್ತದೆ ಅಲ್ಲ. ಮೇಷ್ಟ್ರು ಒಂದು ದಿನ ಕಟ್ಟಿಕೊಂಡ ಮೋರಿ ತೋರಿಸಿ, "ನೀನು ಮಾಡೋ, ನಿಮ್ಮವರಿಗೆ ಗೊತ್ತಿರತ್ತಲ್ಲ" ಅಂದಿದ್ದರು. ಕೈಗೆ ಕೊಟ್ಟ ಕಡ್ಡಿಯನ್ನು ಮೇಷ್ಟ್ರ ಟೇಬಲ್ಲಿನ ಮೇಲಿಟ್ಟು ಬಂದವನು ಮತ್ತೆ ಆ ಗೇಟು ದಾಟಲಿಲ್ಲ. ಪುಟ್ಟೇನಹಳ್ಳಿಯ ಹಳೇ ಊರಿನ ಮನೆಯಲ್ಲಿ, ಬುದ್ಧನ ಪಟದ ಕೆಳಗೆ ಮುಖ ಊದಿಸಿಕೊಂಡು ಕೂತಿದ್ದ ತಮ್ಮನನ್ನು ದೇವದಾಸ್ ಬೈಯಲಿಲ್ಲ. ಅಪಾರ್ಟ್‌ಮೆಂಟಿನವರು ಬಿಸಾಕಿದ ಕಂಪ್ಯೂಟರೊಂದನ್ನು ಹೆಗಲ ಮೇಲೆ ಹೊತ್ತು ತಂದಿಟ್ಟು, "ನಾನು ಇಳಿಯೋ ಗುಂಡಿಗೆ ನೀನು ಇಳೀಬೇಡ. ಇದ್ರೊಳಗೆ ಇಳಿ" ಅಂದ.

ತಿರುಮಲೇಶ ಕಲಿಸಿದ ನಿಯಮ ಒಂದೇ. ನಮ್ಮ ಫೈಲಿನಲ್ಲಿ ಓದುವ ಆಜ್ಞೆ ಮಾತ್ರ ಇರಬೇಕು, ಡಿಸ್ಕಿನ ಮೇಲೆ ಬರೆಯುವ ಆಜ್ಞೆಗೆ ಹೆಸರೇ ಇರಕೂಡದು. "ಹೆಸರು ಕೊಡದೆ ಇದ್ರೆ ಕರ್ನಲ್‌ಗೆ ಅದನ್ನ ಕೇಳಕ್ಕೇ ಬರಲ್ಲ. ಕೈತಪ್ಪಿ ಕೂಡ ನಾವು ಇನ್ನೊಬ್ಬರ ಡಿಸ್ಕ್ ಮೇಲೆ ಒಂದು ಚುಕ್ಕೆ ಇಡಬಾರದು."

ಆ ಶನಿವಾರ ಅದೇ ತಿರುಮಲೇಶ ಡಿಸ್ಕಿಗೆ ಕಿವಿಯಿಟ್ಟು ಕೇಳಿ ತಲೆಯಾಡಿಸಿದ. "ತಿರುಗ್ತಾ ಇದೆ, ಆದ್ರೆ ರೆಡಿ ಅಂತ ಹೇಳ್ತಾ ಇಲ್ಲ. ಟಿಕ್ ಟಿಕ್ ಅಂತಿದೆ ಕೇಳು. ಇದು ಹೋಯ್ತು ಕಣೋ."

"ಇನ್ನೂ ಸ್ವಲ್ಪ ಹೊತ್ತು ಕಾಯೋಣ ಸಾರ್."

"ಮೂವತ್ತು ಸೆಕೆಂಡ್ ಆರು ಸಲ ಕಾದಿದೀವಿ. ಬದುಕಿರೋ ಡಿಸ್ಕ್ ಯಾವ್ದೂ ಅಷ್ಟೊತ್ತು ತೊಗೊಳಲ್ಲ."

"ಮೂವತ್ತು ಅಂತ ಬರ್ದೋರು ಯಾರು?"

"ಯಾರೋ. ಎಲ್ಲಾರ ಫೈಲಲ್ಲೂ ಅಷ್ಟೇ ಇರೋದು."

"ಅದೇ ಕೇಳ್ತಿರೋದು ನಾನು!" ಭೀಮೇಶ್ ಕುರ್ಚಿ ಒದ್ದು ಎದ್ದ. "ಒಳಗಿರೋನು ಸತ್ತ ಅಂತ ಹೇಳೋಕೆ ಹೊರಗೆ ನಿಂತಿರೋನಿಗೆ ಎಷ್ಟು ಸೆಕೆಂಡ್ ಬೇಕು ಅಂತ ಯಾವ ನನ್ಮಗ ಗೊತ್ತುಮಾಡ್ದ? ಅವ್ನು ಒಳಗೆ ಇಳಿದಿದ್ನಾ?"

ತಿರುಮಲೇಶ ಶರ್ಟಿನ ಜೇಬಿನಿಂದ ಅಂಗಡಿಯ ಕೀ ತೆಗೆದು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ.

*

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಭೀಮೇಶ್ ಷಟರ್ ಎತ್ತಿದ. ಕೆಳಗಿನ ಅಂಗಡಿ ರಜೆ, ಚಕ್ಕುಲಿಯ ವಾಸನೆ ಇಲ್ಲ. ಮೊದಲ ಸಲ ಆ ಕೋಣೆಗೆ ತನ್ನದೇ ಒಂದು ವಾಸನೆ ಇದೆ ಅನ್ನಿಸಿತು. ಹಸಿ ಸಿಮೆಂಟು, ತುಕ್ಕು, ಇನ್ನೂ ಏನೋ. ಕಿಟಕಿ ತೆಗೆದ. ಹೋಗಲಿಲ್ಲ.

ಫೈಲು ತೆರೆದು ಮೂವತ್ತು ಇದ್ದಲ್ಲಿ ಸೊನ್ನೆ ಒತ್ತಿದ. ಅವನ ಫೈಲಿನಲ್ಲಿ ಆ ಜಾಗದ ಸೊನ್ನೆಗೆ ಅರ್ಥ ಒಂದೇ: ಕೈಬಿಡಬೇಡ, ಕಾಯುತ್ತಲೇ ಇರು.

ಒಂಬತ್ತೂವರೆಗೆ ಪ್ರಶ್ನೆ ಕಳಿಸಿದ. ಡಿಸ್ಕು ತಿರುಗಿತು. ಟಿಕ್ ಟಿಕ್ ಟಿಕ್ ಎಂದಿತು. ನಿಂತಿತು. ಮತ್ತೆ ಮೂರು. ಕೆಟ್ಟ ಡಿಸ್ಕಿನ ಸದ್ದು ಅವನಿಗೆ ಹೊಸದಲ್ಲ. ಅದರ ಓದುವ ಸೂಜಿತಲೆ ಜಾಗ ಸಿಗದೆ ಹೋಗಿಬಂದು ಹೊಡೆದುಕೊಳ್ಳುತ್ತದೆ, ಆದರೆ ತಾಳ ತಪ್ಪಿದ ಹಾಗೆ, ಕುಡುಕ ಬಾಗಿಲು ಬಡಿದ ಹಾಗೆ. ಇದು ಹಾಗಿರಲಿಲ್ಲ. ಮೂರು ಬಡಿತ, ಉಸಿರು ಎಳೆದುಕೊಳ್ಳುವಷ್ಟು ಬಿಡುವು, ಮೂರು ಬಡಿತ. ಎಲ್ಲೋ ಕೇಳಿದ್ದೇನಲ್ಲ ಎಂದುಕೊಂಡ. ನೆನಪಿಗೆ ಬಂದದ್ದು ಮನೆಯ ಬಚ್ಚಲು. ಅಣ್ಣ ಕೆಲಸದಿಂದ ಬಂದು ಗಂಟೆಗಟ್ಟಲೆ ಮೈ ಉಜ್ಜಿಕೊಳ್ಳುವಾಗ ಅಮ್ಮ ಸೌಟಿನಲ್ಲಿ ಬಾಗಿಲಿಗೆ ಮೂರು ಸಲ ಬಡಿಯುತ್ತಿದ್ದಳು, ಅವನು ಒಳಗಿನಿಂದ ಚೊಂಬಿನಲ್ಲಿ ಮೂರು ಬಡಿಯುತ್ತಿದ್ದ. ತಾಯಿ ಮಗನ ತಮಾಷೆ ಎಂದು ಭೀಮೇಶ್ ತಿಳಿದಿದ್ದ.

ಒಂಬತ್ತು ಐವತ್ತಮೂರಕ್ಕೆ ಪರದೆಯ ಮೇಲೆ ಉತ್ತರ ಬಿತ್ತು.

ಉತ್ತರಗಳಿಗೆ ಗೊತ್ತಾದ ಸಂಖ್ಯೆಗಳಿವೆ. ಸೊನ್ನೆ ಎಂದರೆ ಸರಿಯಾಗಿದೆ. ಎರಡು ಎಂದರೆ ಏನೋ ತೊಂದರೆ. ಎಂಟು ಎಂದರೆ ಕೆಲಸದಲ್ಲಿದ್ದೇನೆ. ಡಿಸ್ಕು ಹೇಳಿದ್ದು ಇದ್ಯಾವುದೂ ಅಲ್ಲ. ಹದಿನೇಳು ಎಂದು ತೋರಿಸುತ್ತಿತ್ತು. ಅಂಥದ್ದೊಂದು ಉತ್ತರ ಯಾವ ಪಟ್ಟಿಯಲ್ಲೂ ಇಲ್ಲ. ಕರ್ನಲ್ ಅದನ್ನು ನೋಡಿ, ಇದೆಂಥದ್ದು ನನಗೆ ಗೊತ್ತಿಲ್ಲ ಎಂದು, ಸತ್ತಿದೆ ಎಂಬ ಅದೇ ಸಾಲು ಬರೆದು ಬಾಗಿಲು ಹಾಕಿಕೊಂಡಿತು.

"ನಿನಗೆ ಗೊತ್ತಿಲ್ಲದೆ ಇರೋದೆಲ್ಲ ಸತ್ತಿದೆಯಾ?" ಭೀಮೇಶ್ ಪರದೆಗೆ ಬೈದ. "ಥೂ ನಿನ್ನ."

ಫೈಲಿಗೆ ಹೊಸದೊಂದು ಸಾಲು ಸೇರಿಸಬೇಕು, ಆ ಸಂಖ್ಯೆಗೊಂದು ಹೆಸರು ಇಡಬೇಕು. ಬೆರಳು ಯೋಚಿಸಲಿಲ್ಲ. ಹೊರಗಿನಿಂದ ಯಾರು ಕೂಗಿದರೂ ಅಣ್ಣ ಹೇಳುತ್ತಿದ್ದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿತು: ಇದ್ದೀನಿ.

ಮುಂದಿನ ಪ್ರಶ್ನೆಗೆ ಡಿಸ್ಕು ಮತ್ತೆ ಹದಿನೇಳು ಎಂದಿತು. ಈ ಸಲ ಕರ್ನಲ್‌ಗೆ ಅದರ ಅರ್ಥ ಗೊತ್ತಿತ್ತು, ಬಾಗಿಲು ಹಾಕಲಿಲ್ಲ. ಅದರ ಹಿಂದೆಯೇ ಚಿತ್ರ ಬಂತು.

*

ಫಾರಮ್ಮಿನಲ್ಲಿ 'ಎಷ್ಟು' ಎಂಬುದಕ್ಕೆ ಇರುವುದು ಎರಡೇ ಮನೆ. ಅದರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ಬರೆದರೂ ಒಂದು ಸಲಕ್ಕೆ ಸಿಗುವುದು ನಾಲ್ಕು ನಿಮಿಷದ ವಿಡಿಯೊ. ಆ ನಾಲ್ಕು ನಿಮಿಷಕ್ಕೆ ಡಿಸ್ಕು ಪ್ರತಿ ಸಲವೂ ಇಪ್ಪತ್ತಮೂರು ನಿಮಿಷ ತೆಗೆದುಕೊಳ್ಳುತ್ತಿತ್ತು. ಇಪ್ಪತ್ತೆರಡಲ್ಲ, ಇಪ್ಪತ್ತನಾಲ್ಕಲ್ಲ. ಭೀಮೇಶ್ ಮೊಬೈಲಿನಲ್ಲಿ ಗಡಿಯಾರ ಹಿಡಿದು ನೋಡಿದ. ಕೆಟ್ಟದ್ದು ಎಂದಮೇಲೆ ಒಂದು ಸಲ ಬೇಗ, ಒಂದು ಸಲ ತಡ ಆಗಬೇಕು. ಇಷ್ಟು ಕರಾರುವಾಕ್ಕಾಗಿ ಯಾವುದೂ ಕೆಡುವುದಿಲ್ಲ.

ಅಣ್ಣ ಸತ್ತ ದಿನದ ಆ ಹೊತ್ತು ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂದು ಹುಡುಕುವುದರಲ್ಲೇ ಮಧ್ಯಾಹ್ನವಾಯಿತು. ಊಟ ಮಾಡಲಿಲ್ಲ. ಎರಡು ಗಂಟೆಯ ಹೊತ್ತಿಗೆ ಪರದೆಯ ಮೇಲೆ ಅಣ್ಣ ಬಂದ.

ಬೂದುಬಣ್ಣದ, ಸದ್ದಿಲ್ಲದ ಚಿತ್ರ. ಮೂಲೆಯಲ್ಲಿ ಸಮಯ, ಹತ್ತು ಮೂವತ್ತೇಳು. ಗುಂಡಿಯ ಮುಚ್ಚಳ ತೆಗೆದಿದೆ, ಕಬ್ಬಿಣದ ಏಣಿಯ ಎರಡು ಕೊಂಬು ಮೇಲೆ ಕಾಣುತ್ತವೆ. ಏಣಿಗೆ ಕಟ್ಟಿದ ಹಗ್ಗ ಒಳಗೆ ಇಳಿದಿದೆ. ಪಕ್ಕದಲ್ಲಿ ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡ ಮನೋಜ್, ಅಪಾರ್ಟ್‌ಮೆಂಟಿನ ನಿರ್ವಹಣೆ ನೋಡುವ ಫೆಸಿಲಿಟಿ ಮ್ಯಾನೇಜರ್. ಅವನು ಗುಂಡಿಯ ಕಡೆ ಬೆರಳು ತೋರುತ್ತಾನೆ. ದೇವದಾಸ್ ತಲೆ ಅಲ್ಲಾಡಿಸುತ್ತಾನೆ. ಮೂಗಿಗೆ ಕೈಯಿಟ್ಟು ತೋರಿಸುತ್ತಾನೆ, ಮಾಸ್ಕ್ ಇಲ್ಲ ಎಂದು. ಮನೋಜ್ ವಾಚು ತೋರಿಸುತ್ತಾನೆ, ಮತ್ತೆ ಬೆರಳು ಕೆಳಗೆ ಮಾಡುತ್ತಾನೆ. ದೇವದಾಸ್ ಅಂಗಿ ಬಿಚ್ಚಿ ಮಡಿಸಿ ನೆಲದ ಮೇಲಿಡುತ್ತಾನೆ. ಹತ್ತು ನಲವತ್ತೊಂದಕ್ಕೆ ಅವನ ತಲೆ ನೆಲದ ಅಂಚಿನ ಕೆಳಗೆ ಹೋಗುತ್ತದೆ.

ಮೊದಲನೇ ಮಾತು ಸುಳ್ಳಾಯಿತು. ಮೂರನೆಯದೂ. ಅಷ್ಟಕ್ಕೇ ನಿಲ್ಲಿಸಿದ್ದರೆ ಸೋಮವಾರಕ್ಕೆ ಸಾಕಾಗುತ್ತಿತ್ತು. ಆದರೆ ಭೀಮೇಶ್ ಮುಂದಿನ ಫಾರಂ ತುಂಬಿದ. ಯಾರಾದರೂ ಅಷ್ಟಕ್ಕೆ ಬಿಡುತ್ತಾರೆಯೇ?

ಮುಂದಿನ ನಾಲ್ಕು ನಿಮಿಷದಲ್ಲಿ ಮನೋಜ್ ಫೋನು ನೋಡುತ್ತ ನಿಂತಿದ್ದ. ಅದರ ಮುಂದಿನ ನಾಲ್ಕು ನಿಮಿಷದಲ್ಲೂ. ಬೇರೇನೂ ಇಲ್ಲ. ಏಣಿಗೆ ಕಟ್ಟಿದ ಹಗ್ಗ ಮಾತ್ರ ಆಗೀಗ ನಡುಗುತ್ತಿತ್ತು. ಭೀಮೇಶ್ ಗಾಳಿ ಎಂದುಕೊಂಡ. ಆಮೇಲೆ ಮನೋಜನ ಪಕ್ಕದ ಕುಂಡದ ಗಿಡ ನೋಡಿದ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಹಗ್ಗ ಮೂರು ಸಲ ನಡುಗಿತು. ನಿಂತಿತು. ಮೂರು ಸಲ ನಡುಗಿತು.

ಮೇಜಿನ ಮೇಲೆ ಡಿಸ್ಕು ಟಿಕ್ ಟಿಕ್ ಟಿಕ್ ಎಂದಿತು. ಹಗ್ಗ ನಡುಗಿದಾಗಲೇ.

ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ವಿಡಿಯೊ ನಿಲ್ಲಿಸಿದ. ಪರದೆಯ ಮೇಲೆ ಹಗ್ಗ ನಿಂತಿತು. ಡಿಸ್ಕು ನಿಲ್ಲಲಿಲ್ಲ.

*

ಐದು ಗಂಟೆಯ ಹೊತ್ತಿಗೆ ಡಿಸ್ಕು ಸೋಲತೊಡಗಿತು. ಹತ್ತು ಐವತ್ತೇಳರಿಂದ ಮುಂದಿನ ತುಂಡು ಕೇಳಿದ್ದಕ್ಕೆ ಇಪ್ಪತ್ತಮೂರು ನಿಮಿಷ ಕಳೆಯಿತು, ಉತ್ತರವಿಲ್ಲ. ಮೂವತ್ತು, ನಲವತ್ತು ಕಳೆಯಿತು. ಕರ್ನಲ್ ಕಾಯುತ್ತಲೇ ಇತ್ತು, ಅದಕ್ಕೆ ಬಿಡು ಎಂದು ಯಾರೂ ಹೇಳಿರಲಿಲ್ಲವಲ್ಲ. ಆದರೆ ಬಡಿತದ ನಡುವಿನ ಬಿಡುವು ಉದ್ದವಾಗುತ್ತಿತ್ತು. ಮೂರು ಇದ್ದದ್ದು ಎರಡೂಮುಕ್ಕಾಲು ಎಂಬಂತೆ ಕೊನೆಯದು ಉಗುರು ತಾಗಿದಷ್ಟೇ ಕೇಳುತ್ತಿತ್ತು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಅಮ್ಮ ನಾಗಲಕ್ಷ್ಮಮ್ಮ ಟಿಫನ್ ಕ್ಯಾರಿಯರ್ ಹಿಡಿದು ಏದುಸಿರು ಬಿಡುತ್ತ ಬಂದಳು, ಹಿಂದೆ ತಿರುಮಲೇಶ.

"ಫೋನ್ ಎತ್ತಲ್ವಲ್ಲೋ ಮೂದೇವಿ. ಇವ್ರು ಕೆಳಗೆ ಸಿಕ್ರು, ಬೆಳಗ್ಗೆಯಿಂದ ಏನೂ ತಿಂದಿರಲ್ಲ ಅಂದ್ರು."

"ನೀವ್ಯಾಕೆ ಬಂದ್ರಿ ಸಾರ್?" ಭೀಮೇಶ್ ಗುರ್ರೆಂದ.

"ನನ್ನ ಅಂಗಡಿ ಕಣಯ್ಯ" ಎಂದ ತಿರುಮಲೇಶ, ಮುಖ ತಿರುಗಿಸಿಕೊಂಡೇ.

ಭೀಮೇಶ್ ಬೇಗ ಪರದೆ ಆರಿಸಿದ. ಅಮ್ಮ ನೋಡಬಾರದು. ಎರಡು ತಿಂಗಳಿಂದ ಮಾತಾಡಿಸಲು ಬಂದವರಿಗೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ ಮಾತು: ಒಂದೇ ಉಸಿರಲ್ಲಿ ಹೋದ್ನಂತೆ, ನನ್ನ ಮಗ ನರಳಲಿಲ್ಲ. ಅನ್ನ ಕಲಸುವಾಗ, ಬಟ್ಟೆ ಹಿಂಡುವಾಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅವಳ ಕೈಯಲ್ಲಿ ಉಳಿದದ್ದು ಅದೊಂದೇ. ಅಸೋಸಿಯೇಷನ್ನಿನವರ ಆ ಎರಡನೇ ಮಾತನ್ನು ಸುಳ್ಳುಮಾಡಿದರೆ ಅಮ್ಮನ ಕೈಯಿಂದ ಅದನ್ನೂ ಕಿತ್ತುಕೊಂಡಂತೆ.

ಕ್ಯಾರಿಯರ್ ಬಿಚ್ಚಲು ಕೂತ ಅಮ್ಮನ ಕೈ ಹಾಗೇ ನಿಂತುಬಿಟ್ಟಿತು. ತಲೆ ಒಂದು ಕಡೆ ವಾಲಿಸಿದಳು.

ಟಿಕ್. ಟಿಕ್. ಟಿ...

"ಯಾರೋ ಅದು?"

"ಡಿಸ್ಕ್ ಅಮ್ಮ. ಕೆಟ್ಟೋಗಿದೆ. ನೀನು ಊಟಕ್ಕೆ ಹಾಕು."

"ಯಾರೋ ಅದು ಒಳಗಡೆ?" ಅವಳ ದನಿ ಬದಲಾಗಿತ್ತು. "ಎಷ್ಟೊತ್ತಿಂದ ಬಡೀತಾವ್ನೆ?"

ಭೀಮೇಶ್ ತಿರುಮಲೇಶನ ಮುಖ ನೋಡಿದ. ಅಮ್ಮ ಎದ್ದು ಡಿಸ್ಕಿನ ಹತ್ತಿರ ಬಂದಳು.

"ನೀನು ವಾಪಸ್ ಬಡಿದ್ಯಾ?"

"ಏನಮ್ಮ ಬಡಿಯೋದು?"

"ಅಯ್ಯೋ ಪಾಪಿ. ಒಳಗಿಳಿದೋನು ಏಣಿಗೆ ಮೂರು ಬಡೀತಾನೆ, ಇದ್ದೀನಿ ಅಂತ. ಮೇಲಿರೋನು ಮೂರು ಬಡೀಬೇಕು, ಕೇಳಿಸ್ತು ಅಂತ. ನಿಮ್ಮಪ್ಪನ ಕಾಲದಿಂದ ಹಂಗೇ. ಮೇಲಿಂದ ಬಡೀದೆ ಇದ್ರೆ ಒಳಗಿರೋನು ಹತ್ತೋದಕ್ಕೂ ಆಗ್ದೆ, ಇಳಿಯೋದಕ್ಕೂ ಆಗ್ದೆ ಬಡೀತಾನೇ ಇರ್ತಾನೆ, ಮೇಲೆ ಯಾರೂ ಇಲ್ವೇನೋ ಅಂತ. ನಿನಗೆ ಅವ್ನು ಹೇಳ್ಕೊಡ್ಲಿಲ್ಲ. ಹೇಳ್ಕೊಟ್ರೆ ನೀನೂ ಇಳೀತೀಯ ಅಂತ ಹೇಳ್ಕೊಡ್ಲಿಲ್ಲ."

ಅವಳು ಕ್ಯಾರಿಯರಿನ ಮುಚ್ಚಳ ಕೈಗೆತ್ತಿಕೊಂಡಳು. ಮೇಜಿನ ಕಬ್ಬಿಣದ ಕಾಲಿಗೆ ಮೂರು ಸಲ ಹೊಡೆದಳು. ಠಣ್, ಠಣ್, ಠಣ್.

ಡಿಸ್ಕು ನಿಶ್ಶಬ್ದವಾಯಿತು. ಕೋಣೆಯಲ್ಲಿ ಫ್ಯಾನು ತಿರುಗುವುದೂ ಕೇಳುತ್ತಿರಲಿಲ್ಲ, ಅಥವಾ ಅದೂ ನಿಂತಿತ್ತೋ ಏನೋ. ಆಮೇಲೆ ಒಳಗಿನಿಂದ ಬಂತು ಮೂರು ಬಡಿತ, ಗಟ್ಟಿಯಾಗಿ, ಬೇಗಬೇಗ, ಕೂಗಿಗೆ ಓಡಿ ಬಂದವನ ಹಾಗೆ.

ತಿರುಮಲೇಶ ಗೋಡೆಗೆ ಒರಗಿದ. "ಭೀಮೇಶ" ಎಂದ ಮೆಲ್ಲಗೆ, "ಸ್ಕ್ರೀನ್ ಆನ್ ಮಾಡು."

ಹತ್ತು ಐವತ್ತೇಳರಿಂದ ಮುಂದಿನ ತುಂಡು ಬಂದಾಗಿತ್ತು. ಭೀಮೇಶ್ ಅದರ ಮುಂದಿನದನ್ನು ಕೇಳಿದ. ಕೇಳಿದ ತಕ್ಷಣ ಬಂತು. ಒಂದು ಸೆಕೆಂಡೂ ಕಾಯಿಸಲಿಲ್ಲ. ಅಮ್ಮ ಬಡಿಯುತ್ತಲೇ ಇದ್ದಳು, ಡಿಸ್ಕು ಕೊಡುತ್ತಲೇ ಇತ್ತು.

ಪರದೆಯಲ್ಲಿ ಹಗ್ಗ ನಡುಗುತ್ತಿತ್ತು. ಅಮ್ಮ ಅದನ್ನು ನೋಡಿದಳು. ಭೀಮೇಶ್ ಅಡ್ಡ ನಿಲ್ಲಲು ಹೋದ, ಅವಳು ಮೊಣಕೈಯಿಂದ ತಳ್ಳಿದಳು. ಹನ್ನೊಂದೂ ಮೂರಕ್ಕೆ ಹಗ್ಗ ಒಂದೇ ಸಲ ನಡುಗಿತು. ಆಮೇಲೆ ಇಲ್ಲ. ಹನ್ನೊಂದೂ ನಾಲ್ಕಕ್ಕೆ ಮನೋಜ್ ಫೋನು ಜೇಬಿಗೆ ಹಾಕಿಕೊಂಡು, ಮೊದಲ ಸಲ, ಗುಂಡಿಯೊಳಗೆ ಬಗ್ಗಿ ನೋಡಿದ.

ಹತ್ತು ನಲವತ್ತೊಂದರಿಂದ ಹನ್ನೊಂದೂ ನಾಲ್ಕು. ಭೀಮೇಶ್ ಲೆಕ್ಕ ಹಾಕಬೇಕಾಗಿರಲಿಲ್ಲ. ಬೆಳಗ್ಗೆಯಿಂದ ಡಿಸ್ಕು ಅವನನ್ನು ಅಷ್ಟು ಹೊತ್ತೇ, ಪ್ರತಿ ಸಲವೂ, ಕಾಯಿಸಿತ್ತು. ಆಗ ಅವನಿಗೆ ಇನ್ನೊಂದು ಹೊಳೆಯಿತು. ಯಂತ್ರ ಎಣಿಸುವುದು ಹತ್ತರ ಗುಂಪಿನಲ್ಲಲ್ಲ, ಹದಿನಾರರ ಗುಂಪಿನಲ್ಲಿ. ಅದು ಹದಿನೇಳು ಎಂದು ಬರೆದರೆ ಹದಿನಾರರ ಮೇಲೆ ಏಳು. ಅಂದರೆ ನಮ್ಮ ಲೆಕ್ಕಕ್ಕೆ ಇಪ್ಪತ್ತಮೂರು.

ಪರದೆಯ ಮೇಲೆ ಕೊನೆಯ ಉತ್ತರ ಬಿತ್ತು. ಈ ಸಲ ಹದಿನೇಳಲ್ಲ, ಸೊನ್ನೆ. ಸರಿಯಾಗಿದೆ. ಡಿಸ್ಕಿನ ತಿರುಗಣೆ ನಿಧಾನವಾಗಿ ಇಳಿದು, ನಿಂತಿತು.

ಅಮ್ಮ ಅಳಲಿಲ್ಲ. ಮುಚ್ಚಳವನ್ನು ಸೆರಗಿನಿಂದ ಒರೆಸಿದಳು. "ಒಂದೇ ಉಸಿರು ಅಂದಿದ್ರು" ಎಂದಳು. ಅಷ್ಟೇ.

*

ಸೋಮವಾರ ಕಾರ್ಮಿಕ ಅಧಿಕಾರಿಯ ಕೋಣೆ. ಅಧಿಕಾರಿ ಸುಧಾಮಣಿ ಎಂಬಾಕೆ, ಕನ್ನಡಕವನ್ನು ಹಣೆಗೇರಿಸಿಕೊಂಡು ಲ್ಯಾಪ್‌ಟಾಪ್ ನೋಡಿದರು. ಅಸೋಸಿಯೇಷನ್ನಿನ ವಕೀಲ ಮೊದಲೇ ಎದ್ದ.

"ಮೇಡಂ, ಸತ್ತವನ ತಮ್ಮನೇ ಇದನ್ನ ತೆಗೆದಿರೋದು. ಏನು ಬೇಕಾದ್ರೂ ಸೇರಿಸಿರಬಹುದು."

ತಿರುಮಲೇಶ ಎದ್ದುನಿಂತ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದ. "ನಮ್ಮ ಫೈಲು ತಂದಿದೀನಿ ಮೇಡಂ, ಯಾರಿಗಾದ್ರೂ ತೋರಿಸಿ. ಡಿಸ್ಕಿಗೆ ಕೊಡಬಹುದಾದ ಆಜ್ಞೆಗಳೆಲ್ಲ ಇದರಲ್ಲಿವೆ. ಬರೆಯೋ ಆಜ್ಞೆ ಎಲ್ಲಿದೆ ಹುಡುಕಿ. ಇಲ್ಲ. ಡಿಸ್ಕನ್ನೂ ತಂದಿದೀವಿ, ನಿಮ್ಮವರೇ ನೋಡ್ಲಿ."

ವಿಡಿಯೊ ಓಡಿತು. ಬೆರಳು ತೋರಿಸಿದ್ದು, ವಾಚು ತೋರಿಸಿದ್ದು. ಮನೋಜ್ ಎದುರಿನ ಕುರ್ಚಿಯಲ್ಲಿ ಕೂತು ತನ್ನ ಬೆರಳನ್ನು ತಾನೇ ನೋಡುತ್ತಿದ್ದ. ವಕೀಲ ಪಟ್ಟು ಬಿಡಲಿಲ್ಲ. "ಇಳಿದ ಅಂತ ಒಪ್ಕೊಳ್ಳೋಣ ಮೇಡಂ. ಆದ್ರೆ ಇಳಿದ ತಕ್ಷಣ ತೀರ್ಕೊಂಡಿದಾರೆ. ಮೇಲಿದ್ದೋರು ಏನು ಮಾಡಕ್ಕಾಗ್ತಿತ್ತು? ಇದರಲ್ಲಿ ಸದ್ದೂ ಇಲ್ಲ."

ಭೀಮೇಶ್ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಸದ್ದಾಯಿತು. ಪರದೆಯಲ್ಲಿ ಹಗ್ಗ ನಡುಗಿತ್ತು. ನಾಗಲಕ್ಷ್ಮಮ್ಮ ಬೆರಳಿನ ಗೆಣ್ಣಿನಿಂದ ಅಧಿಕಾರಿಯ ಮೇಜಿಗೆ ಮೂರು ಸಲ ಬಡಿದಳು.

"ಏನಮ್ಮ ಅದು?" ಎಂದರು ಸುಧಾಮಣಿ.

ಅಮ್ಮನ ಕಣ್ಣು ಪರದೆಯಲ್ಲೇ ಇತ್ತು. ಹಗ್ಗ ನಡುಗಿದಾಗ ಮೂರು ಬಡಿದಳು. ನಿಂತಾಗ ಬಿಟ್ಟಳು. ಮತ್ತೆ ಮೂರು. ಕೋಣೆಯಲ್ಲಿ ಎಲ್ಲರೂ ಹಗ್ಗವನ್ನೇ ನೋಡತೊಡಗಿದರು. ಅಧಿಕಾರಿಯ ಪೆನ್ನು ಗಾಳಿಯಲ್ಲಿ ನಿಂತಿತ್ತು. ನಾಲ್ಕು ನಿಮಿಷ. ಎಂಟು ನಿಮಿಷ. ಯಾರೂ ನಿಲ್ಲಿಸಿ ಎನ್ನಲಿಲ್ಲ. ಹನ್ನೆರಡನೇ ನಿಮಿಷಕ್ಕೆ ಮನೋಜ್ ಎರಡೂ ಕಿವಿ ಮುಚ್ಚಿಕೊಂಡ.

"ಸಾಕು ನಿಲ್ಸಿ ಆಂಟಿ" ಎಂದ. "ಆವತ್ತಿಂದ ಕೇಳಿಸ್ತಾನೇ ಇದೆ. ಮಲಗಿದ್ರೂ ಕೇಳಿಸತ್ತೆ, ಸ್ನಾನಕ್ಕೆ ಹೋದ್ರೂ ಕೇಳಿಸತ್ತೆ. ನನಗೇನು ಗೊತ್ತು? ಶಬ್ದ ಬರ್ತಾ ಇದೆ, ಕೆಲಸ ಮಾಡ್ತಾ ಇದಾನೆ ಅನ್ಕೊಂಡೆ. ಶಬ್ದ ನಿಂತ್ಮೇಲೆ ಕೆಲಸ ಆಯ್ತು ಅನ್ಕೊಂಡು ಬಗ್ಗಿ ನೋಡ್ದೆ."

ವಕೀಲ ಅವನ ತೋಳು ಹಿಡಿದೆಳೆದ. ತಡವಾಗಿತ್ತು. ಸುಧಾಮಣಿ ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ ಬರೆಯುತ್ತಿದ್ದರು. "ಅವರು ಇಳಿದು ಎಷ್ಟು ಹೊತ್ತಾದ್ಮೇಲೆ ಬಗ್ಗಿ ನೋಡಿದ್ರಿ, ಮನೋಜ್?"

ಮನೋಜ್ ವಕೀಲನ ಕಡೆ ನೋಡಿದ.

"ಇಪ್ಪತ್ತಮೂರು ನಿಮಿಷ" ಎಂದ ಭೀಮೇಶ್. ಕಿರುಚಬೇಕೆಂದು ಎರಡು ತಿಂಗಳು ಕಾಯ್ದಿಟ್ಟುಕೊಂಡಿದ್ದ ದನಿ, ಯಾಕೋ, ಸಾಮಾನ್ಯವಾಗಿಯೇ ಹೊರಬಂತು. "ಬರ್ಕೊಳ್ಳಿ ಮೇಡಂ."

ಅಧಿಕಾರಿ ಬರೆದುಕೊಂಡರು. ಆಮೇಲೆ ಸಾಕ್ಷಿಯೆಂದು ಡಿಸ್ಕನ್ನು ಕೇಳಿದರು. ಬೆಳಗ್ಗೆಯಿಂದ ಅದು ಭೀಮೇಶನ ತೊಡೆಯ ಮೇಲೆ, ಚನ್ನವೀರನ ರೊಟ್ಟಿ ಬಟ್ಟೆಯಲ್ಲೇ ಸುತ್ತಿಕೊಂಡು ಕೂತಿತ್ತು. ತಂತಿಯಿಲ್ಲ, ಕರೆಂಟಿಲ್ಲ. ಬಿಚ್ಚಿ ಕೈಗೆತ್ತಿಕೊಂಡ. ಬಿಸಿಯಾಗಿತ್ತು. ಯಂತ್ರದ ಬಿಸಿಯಲ್ಲ, ತುಂಬ ಹೊತ್ತು ಏಣಿ ಹಿಡಿದು ಹತ್ತಿ ಬಂದವನ ಅಂಗೈ ಎಷ್ಟು ಬಿಸಿ ಇರುತ್ತದೋ ಅಷ್ಟು.

ಕೊಡುವ ಮೊದಲು ಭೀಮೇಶ್ ಅದರ ಮೇಲೆ ಗೆಣ್ಣಿನಿಂದ ಮೂರು ಸಲ ಬಡಿದ.